ಪದವಿ ಗಣಿತಕ್ಕೆ ಆನ್‌ಲೈನ್ ಸಾಮಗ್ರಿ: ಯಾವುದು ತರಗತಿಗೆ ಒದಗುತ್ತದೆ, ಯಾವುದು ಒದಗುವುದಿಲ್ಲ

ಗಣಿತದ ಆನ್‌ಲೈನ್ ಸಾಮಗ್ರಿ ಯಾವುದೇ ಇರಲಿ, ನಾನು ಕೇಳುವುದು ಒಂದೇ ಪ್ರಶ್ನೆ. ಅದು ಪರದೆಯ ಮೇಲೆ ತೆರೆದಿರುವಾಗ ವಿದ್ಯಾರ್ಥಿಯ ಕೈ ಏನು ಮಾಡುತ್ತಿರುತ್ತದೆ? ಪೆನ್ನು ಓಡುತ್ತಿದೆಯಾ, ಏನೋ ಬರೆದು, ತಪ್ಪಿ, ಮತ್ತೆ ತಿದ್ದಿಕೊಳ್ಳುತ್ತಿದ್ದಾರಾ, ಇಲ್ಲ ಗಲ್ಲಕ್ಕೆ ಕೈ ಕೊಟ್ಟು ಸುಮ್ನೆ ನೋಡುತ್ತಿದ್ದಾರಾ? ವಿಶ್ವವಿದ್ಯಾಲಯದ ಮಟ್ಟದಲ್ಲಿ ಗಣಿತ ಕಲಿಸುವವರಿಗೆ ಇವತ್ತು ಸಾಮಗ್ರಿಗೆ ಬರವಿಲ್ಲ. ಪುಕ್ಕಟೆಯಾಗಿಯೇ ರಾಶಿ ಸಿಗುತ್ತದೆ. ಕಷ್ಟ ಇರುವುದು ಆರಿಸುವುದರಲ್ಲಿ. ನಾನು ಲೀನಿಯರ್ ಆಲ್ಜಿಬ್ರಾ, ಕ್ಯಾಲ್ಕುಲಸ್, ಸ್ವಲ್ಪ ರಿಯಲ್ ಅನಾಲಿಸಿಸ್ ಕಲಿಸುತ್ತೇನೆ, ಹಾಗಾಗಿ ಈ ವಿಮರ್ಶೆ ಆ ಮೂರರ ಸುತ್ತಲೇ ಇದೆ.

ಮೊದಲು ವಿಡಿಯೊ ಪಾಠಗಳು, ಯಾಕೆಂದರೆ ಎಲ್ಲರೂ ಮೊದಲು ಹೋಗುವುದು ಅಲ್ಲಿಗೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಓಪನ್‌ಕೋರ್ಸ್‌ವೇರ್ ಯೋಜನೆಯನ್ನು, ಅಂದರೆ ಪಾಠಗಳನ್ನು ಪುಕ್ಕಟೆಯಾಗಿ ನೆಟ್‌ನಲ್ಲಿ ಇಡುವುದನ್ನು, ಪ್ರಕಟಿಸಿದ್ದು 2001ರಲ್ಲಿ. ಅದರಲ್ಲಿರುವ ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಲೀನಿಯರ್ ಆಲ್ಜಿಬ್ರಾ ಪಾಠಗಳು 1999ರಲ್ಲಿ ಚಿತ್ರೀಕರಣವಾದವು. ಚಿತ್ರ ಮಸುಕು, ಬೋರ್ಡ್ ಹಳೆಯದು, ಆದರೂ ಆ ಪಾಠಗಳು ಇನ್ನೂ ಹಳಸಿಲ್ಲ. ಅವರು ಪಾಠ ಮಾಡುವುದನ್ನು ನಿಲ್ಲಿಸಿದ್ದು 2023ರಲ್ಲಿ.

ಮೊದಲ ಪಾಠವನ್ನೇ ನೋಡಿ. ಎರಡು ಸಮೀಕರಣ ಬರೆಯುತ್ತಾರೆ: 2ಎಕ್ಸ್ − ವೈ = 0, −ಎಕ್ಸ್ + 2ವೈ = 3. ಇದನ್ನು ಎರಡು ಗೆರೆಗಳು ಕೂಡುವ ಜಾಗ ಅಂತ ಎಲ್ಲರೂ ಶಾಲೆಯಲ್ಲೇ ಕಲಿತಿರುತ್ತಾರೆ. ಸ್ಟ್ರ್ಯಾಂಗ್ ಅಷ್ಟಕ್ಕೆ ಬಿಡುವುದಿಲ್ಲ. ಅದೇ ಲೆಕ್ಕವನ್ನು ಕಾಲಮ್ಮುಗಳ ಕಡೆಯಿಂದ ನೋಡಿಸುತ್ತಾರೆ: (2, −1) ಅನ್ನುವ ವೆಕ್ಟರ್ ಎಷ್ಟು, (−1, 2) ಅನ್ನುವ ವೆಕ್ಟರ್ ಎಷ್ಟು ಸೇರಿಸಿದರೆ (0, 3) ಸಿಗುತ್ತದೆ? ಮೊದಲನೆಯದು 1, ಎರಡನೆಯದು 2. ಉತ್ತರ ಅದೇ, ಆದರೆ ನೋಟ ಬೇರೆ. ಮುಂದೆ ಬರುವ ಸ್ಪ್ಯಾನ್, ಕಾಲಮ್ ಸ್ಪೇಸ್, ರ‍್ಯಾಂಕ್ ಎಲ್ಲದರ ಬೀಜ ಇಲ್ಲೇ ಇದೆ. ಇದನ್ನು ನೋಡಿದ ಮೇಲೆ ನನ್ನ ಮೊದಲ ವಾರದ ಪಾಠದ ಕ್ರಮವನ್ನೇ ಬದಲಿಸಿದೆ. ಅಂದರೆ ಈ ವಿಡಿಯೊಗಳಿಂದ ಅತಿ ಹೆಚ್ಚು ಲಾಭ ಆಗುವುದು ಕಲಿಸುವವರಿಗೆ! ಹೊಸದಾಗಿ ಪಾಠ ಮಾಡಲು ಶುರು ಮಾಡಿದವರು ಇಡೀ ಸರಣಿಯನ್ನು ಒಮ್ಮೆ ಕೂತು ನೋಡಲೇಬೇಕು.

ತ್ರೀಬ್ಲೂಒನ್‌ಬ್ರೌನ್ ಬಗ್ಗೆ ಯಾರಿಗೂ ಪರಿಚಯ ಬೇಡ ಅನ್ನಿಸುತ್ತದೆ. ಗ್ರಾಂಟ್ ಸ್ಯಾಂಡರ್ಸನ್ 2015ರಲ್ಲಿ ಶುರು ಮಾಡಿದ ಯೂಟ್ಯೂಬ್ ಚಾನೆಲ್ ಅದು, ಲೀನಿಯರ್ ಆಲ್ಜಿಬ್ರಾ ಸರಣಿ ಬಂದದ್ದು 2016ರಲ್ಲಿ. ಡಿಟರ್ಮಿನೆಂಟ್ ಅಂದರೆ ಒಂದು ಚೌಕದ ವಿಸ್ತೀರ್ಣ ಎಷ್ಟು ಪಟ್ಟು ಹಿಗ್ಗುತ್ತದೆ, ಅಥವಾ ಕುಗ್ಗುತ್ತದೆ ಅನ್ನುವುದನ್ನು ಅಷ್ಟು ಚೆನ್ನಾಗಿ ತೋರಿಸಿದ ಮತ್ತೊಂದು ಸಾಮಗ್ರಿಯನ್ನು ನಾನು ಕಂಡಿಲ್ಲ. ಡಿಟರ್ಮಿನೆಂಟ್ ಸೊನ್ನೆ ಆದರೆ ಇಡೀ ಸಮತಲ ಒಂದು ಗೆರೆಗೆ ಮಡಚಿಕೊಂಡು ಬೀಳುವುದು ಕಣ್ಣಿಗೆ ಕಾಣುತ್ತದೆ. ಇನ್ವರ್ಸ್ ಯಾಕಿಲ್ಲ ಅಂತ ಬೇರೆ ವಿವರಿಸುವುದೇ ಬೇಡ.

ಆದರೆ ಪೂರ್ತಿ ವಿಡಿಯೊ ಹಾಕಿ ಕೂರಿಸಬೇಡಿ. ಅಷ್ಟು ಸಲೀಸಾಗಿ ಹರಿಯುವುದರಿಂದಲೇ ಅದು ತರಗತಿಯಲ್ಲಿ ತೊಂದರೆ ಕೊಡುತ್ತದೆ. ನೋಡಿ ಮುಗಿಸಿದವರಿಗೆ ಎಲ್ಲ ಅರ್ಥವಾಯಿತು ಅನ್ನಿಸುತ್ತದೆ, ಒಂದು ಸಣ್ಣ ಲೆಕ್ಕ ಕೊಟ್ಟರೆ ಕೈ ಓಡುವುದಿಲ್ಲ. ಅರ್ಥವಾಯಿತು ಅನ್ನಿಸುವುದೂ ನಿಜವಾಗಿ ಅರ್ಥವಾಗುವುದೂ ಬೇರೆ ಬೇರೆ ಅನ್ನುವುದಕ್ಕೆ ಸಾಕ್ಷಿಯೂ ಇದೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ಲೆಕ್ಕ ಮಾಡುತ್ತ ಕಲಿತವರು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದರು, ಆದರೆ ತಾವು ಕಡಿಮೆ ಕಲಿತೆವು ಅಂತ ಅವರಿಗೇ ಅನ್ನಿಸಿತ್ತು. ಚೆನ್ನಾಗಿ ತಯಾರು ಮಾಡಿದ ಉಪನ್ಯಾಸ ಕೇಳಿದವರದ್ದು ಇದರ ಉಲ್ಟಾ. ಹಾಗಾಗಿ ನಾನು ಮಾಡುವುದು ಇಷ್ಟು: ಮೂರು ನಾಲ್ಕು ನಿಮಿಷ ತೋರಿಸಿ ವಿಡಿಯೊ ನಿಲ್ಲಿಸುತ್ತೇನೆ, ಈಗ ಈ ಮ್ಯಾಟ್ರಿಕ್ಸ್ ಕೊಟ್ಟರೆ ಚೌಕ ಎಲ್ಲಿ ಹೋಗುತ್ತದೆ, ಕಾಗದದ ಮೇಲೆ ಬರೆದು ತೋರಿಸಿ ಅನ್ನುತ್ತೇನೆ. ಎಲ್ಲರ ಪೆನ್ನು ನಿಂತ ಮೇಲೆ ಮುಂದಕ್ಕೆ ಬಿಡುತ್ತೇನೆ.

ಇನ್ನು ಖಾನ್ ಅಕಾಡೆಮಿ, ಪುಕ್ಕಟೆ ವಿಡಿಯೊ ಮತ್ತು ಅಭ್ಯಾಸಗಳ ತಾಣ. ಹಿಂದಿನ ತರಗತಿಯ ಬೀಜಗಣಿತ, ತ್ರಿಕೋನಮಿತಿ ಮರೆತು ಬಂದವರಿಗೆ ಧೈರ್ಯವಾಗಿ ಹೇಳಬಹುದು. ಅದಕ್ಕಿಂತ ಮೇಲಿನ ಹಂತಕ್ಕೆ ಸಾಲದು.

ಚಿತ್ರ ಬಿಡಿಸುವ ಸಲಕರಣೆಗಳಿಗೆ ಬರೋಣ. ಜಿಯೋಜಿಬ್ರಾ 2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರು ಮಾಡಿದ್ದು. ಶಾಲೆಯ ರೇಖಾಗಣಿತಕ್ಕೆ ಮಾತ್ರ ಅಂತ ಹಲವರು ಅದನ್ನು ಬದಿಗಿಡುತ್ತಾರೆ. ಲೀನಿಯರ್ ಆಲ್ಜಿಬ್ರಾಗೆ ಅದು ಎಷ್ಟು ಒದಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ, ನೀವೇ ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಮೂಲಬಿಂದುವಿನಿಂದ ಒಂದು ಯೂನಿಟ್ ಉದ್ದದ ವೆಕ್ಟರ್ ಹಾಕಿ, ಅದನ್ನು ಸ್ಲೈಡರ್‌ನಿಂದ ಸುತ್ತಲೂ ತಿರುಗಿಸುವ ಹಾಗೆ ಮಾಡಿ. ಮೊದಲ ಸಾಲು 2, 1 ಮತ್ತು ಎರಡನೇ ಸಾಲು 1, 2 ಇರುವ ಮ್ಯಾಟ್ರಿಕ್ಸ್‌ನಿಂದ ಆ ವೆಕ್ಟರನ್ನು ಗುಣಿಸಿ, ಬಂದದ್ದನ್ನು ಬೇರೆ ಬಣ್ಣದಲ್ಲಿ ಅಲ್ಲೇ ತೋರಿಸಿ. ಅಷ್ಟೇ.

ಈಗ ಸ್ಲೈಡರನ್ನು ಮಕ್ಕಳ ಕೈಗೆ ಕೊಡಿ, ಎರಡು ವೆಕ್ಟರ್ ಒಂದೇ ಗೆರೆಯ ಮೇಲೆ ಯಾವಾಗ ಬರುತ್ತವೆ ಹುಡುಕಿ ಅನ್ನಿ. 45 ಡಿಗ್ರಿಗೆ ಬಂದಾಗ ಎರಡೂ ಒಂದರ ಮೇಲೊಂದು ಕೂರುತ್ತವೆ, ಎರಡನೆಯದು ಮೂರು ಪಟ್ಟು ಉದ್ದ. 135 ಡಿಗ್ರಿಯಲ್ಲಿ ಮತ್ತೆ ಕೂರುತ್ತವೆ, ಈ ಸಲ ಉದ್ದವೂ ಸಮ. ಹೀಗೆ ಗೆರೆ ಬದಲಾಗದ ವೆಕ್ಟರ್ ಐಗನ್‌ವೆಕ್ಟರ್, ಅದು ಎಷ್ಟು ಪಟ್ಟು ಆಗುತ್ತದೆ ಅನ್ನುವುದು ಐಗನ್‌ವ್ಯಾಲ್ಯೂ. ಐಗನ್‌ವ್ಯಾಲ್ಯೂ 3 ಮತ್ತು 1, ಇನ್ನೂ ಡಿಟರ್ಮಿನೆಂಟ್ ಬಿಡಿಸದೆಯೇ ಸಿಕ್ಕಿತು. ಆಮೇಲೆ ಮ್ಯಾಟ್ರಿಕ್ಸ್ ಬದಲಿಸಿ, 90 ಡಿಗ್ರಿ ತಿರುಗಿಸುವ ಮ್ಯಾಟ್ರಿಕ್ಸ್ ಹಾಕಿ. ಎಷ್ಟು ತಿರುಗಿಸಿದರೂ ಎರಡು ವೆಕ್ಟರ್ ಕೂಡುವುದೇ ಇಲ್ಲ, ಯಾವಾಗಲೂ ಲಂಬವಾಗಿಯೇ ನಿಲ್ಲುತ್ತವೆ. ಇದಕ್ಕೆ ಐಗನ್‌ವೆಕ್ಟರ್ ಇಲ್ಲವಾ ಅಂತ ಅವರೇ ಕೇಳುತ್ತಾರೆ, ಕಾಂಪ್ಲೆಕ್ಸ್ ಸಂಖ್ಯೆಗಳನ್ನು ಯಾಕೆ ತರಬೇಕು ಅನ್ನುವ ಮಾತು ಅವರ ಬಾಯಿಂದಲೇ ಶುರುವಾಗುತ್ತದೆ. ಮೂರನೆಯದಾಗಿ ಮೊದಲ ಸಾಲು 1, 1 ಮತ್ತು ಎರಡನೇ ಸಾಲು 0, 1 ಇರುವುದನ್ನು ಹಾಕಿ. ಅಡ್ಡ ಗೆರೆಯ ಮೇಲೆ ಮಾತ್ರ ಕೂಡುತ್ತವೆ, ಬೇರೆಲ್ಲೂ ಇಲ್ಲ. ಡಯಾಗನಲೈಸ್ ಆಗದ ಮ್ಯಾಟ್ರಿಕ್ಸ್ ಹೇಗಿರುತ್ತದೆ ಅಂತ ಇದಕ್ಕಿಂತ ಸುಲಭವಾಗಿ ತೋರಿಸಲು ನನಗೆ ಬರುವುದಿಲ್ಲ. ಒಂದೇ ಫೈಲು, ಮೂರು ಮ್ಯಾಟ್ರಿಕ್ಸ್, ಒಂದು ತರಗತಿ ಪೂರ್ತಿ ಮಾತು ನಡೆಯುತ್ತದೆ.

ಡೆಸ್ಮಾಸ್ ಇದಕ್ಕಿಂತ ಸರಳ, ವೇಗ ಜಾಸ್ತಿ, ಮೊಬೈಲಿನಲ್ಲೂ ಚೆನ್ನಾಗಿ ಓಡುತ್ತದೆ. ಫಂಕ್ಷನ್ ಟೈಪ್ ಮಾಡಿದ ತಕ್ಷಣ ಗ್ರಾಫ್ ಬರುತ್ತದೆ. ಕ್ಯಾಲ್ಕುಲಸ್‌ಗೆ ದಿನವೂ ಬಳಸುತ್ತೇನೆ. ಆದರೆ ಗ್ರಾಫ್ ನೋಡಿ ಲಿಮಿಟ್ ಹೇಳುವ ಚಟ ಬೇಗ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸುವುದಕ್ಕೂ ಅದೇ ಡೆಸ್ಮಾಸ್ ಸಾಕು. 1 − ಕಾಸ್ ಎಕ್ಸ್, ಅದನ್ನು ಎಕ್ಸ್ ಸ್ಕ್ವೇರ್‌ನಿಂದ ಭಾಗಿಸಿ ಗ್ರಾಫ್ ಹಾಕಿಸಿ. ಸೊನ್ನೆಯ ಹತ್ತಿರ ನೇರವಾಗಿ ಅರ್ಧದ ಕಡೆ ಹೋಗುತ್ತದೆ, ಎಲ್ಲರೂ ಉತ್ತರ ಅರ್ಧ ಅನ್ನುತ್ತಾರೆ, ಸರಿ. ಈಗ ಸೊನ್ನೆಯ ಮೇಲೆ ಝೂಮ್ ಮಾಡುತ್ತಾ ಹೋಗಲಿ. ಹತ್ತು ಕೋಟಿಯಲ್ಲಿ ಒಂದು ಭಾಗದಷ್ಟು ಹತ್ತಿರ ಹೋದಾಗ ಗ್ರಾಫ್ ಹಲ್ಲು ಹಲ್ಲಾಗಿ ಒಡೆದು, ಆಮೇಲೆ ಪೂರ್ತಿ ಸೊನ್ನೆಗೆ ಬಿದ್ದುಹೋಗುತ್ತದೆ! ಹಾಗಾದರೆ ಲಿಮಿಟ್ ಅರ್ಧವಾ, ಸೊನ್ನೆಯಾ? ಕಂಪ್ಯೂಟರ್ ಸುಮಾರು 16 ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಅಷ್ಟು ಸಣ್ಣ ಎಕ್ಸ್‌ಗೆ ಕಾಸ್ ಎಕ್ಸ್ ಅದರ ಮಟ್ಟಿಗೆ ಸರಿಯಾಗಿ 1. 1ರಿಂದ 1 ಕಳೆದರೆ ಸೊನ್ನೆ. ಮೇಲಿನ 1 − ಕಾಸ್ ಎಕ್ಸ್ ಅನ್ನೇ 2 ಸೈನ್ ಸ್ಕ್ವೇರ್ ಅರ್ಧ ಎಕ್ಸ್ ಅಂತ ಬದಲಿಸಿ ಬರೆದರೆ ಗ್ರಾಫ್ ಎಷ್ಟು ಹತ್ತಿರ ಹೋದರೂ ಅರ್ಧದಲ್ಲೇ ನಿಲ್ಲುತ್ತದೆ. ಪ್ರೂಫ್ ಯಾಕೆ ಬೇಕು ಅಂತ ಕೇಳುವವರಿಗೆ ನಾನು ಕೊಡುವ ಅತ್ಯುತ್ತಮ ಉತ್ತರ ಇದೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು, ಮನೆಗೆಲಸದ ಲೆಕ್ಕಗಳನ್ನು ತಾನೇ ತಿದ್ದುವ ವ್ಯವಸ್ಥೆಗಳು. ಇಲ್ಲಿ ಎರಡು ಹೆಸರು: ವೆಬ್‌ವರ್ಕ್ ಮತ್ತು ಸ್ಟ್ಯಾಕ್. ಎರಡೂ ಓಪನ್ ಸೋರ್ಸ್.

ವೆಬ್‌ವರ್ಕ್ 1990ರ ದಶಕದಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದರ ದೊಡ್ಡ ಬಲ ಪ್ರಶ್ನೆ ಸಂಗ್ರಹ. 30 ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿವೆ, ಬೇಕಾದ್ದನ್ನು ಆರಿಸಿ ಹಾಕಿದರೆ ಆಯಿತು, ಒಬ್ಬೊಬ್ಬರಿಗೂ ಬೇರೆ ಸಂಖ್ಯೆ ಬರುತ್ತದೆ. ಕ್ಯಾಲ್ಕುಲಸ್‌ನಲ್ಲಿ ಕೈ ಪಳಗಬೇಕು ಅನ್ನುವವರಿಗೆ ಇಷ್ಟು ಸಾಕು. ಆದರೆ ಸಂಗ್ರಹದ ಪ್ರಶ್ನೆಗಳಲ್ಲಿ ಬಹುಪಾಲು ಸರಿ ಅಥವಾ ತಪ್ಪು ಅಂತ ಹೇಳಿ ಸುಮ್ಮನಾಗುತ್ತವೆ. ಎಲ್ಲಿ ತಪ್ಪಿತು ಅಂತ ಗೊತ್ತಾಗದೆ ಒಂದೇ ಉತ್ತರವನ್ನು ಬೇರೆ ಬೇರೆ ರೀತಿ ಟೈಪ್ ಮಾಡುತ್ತಾ ಕೂರುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸ್ಟ್ಯಾಕ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕ್ರಿಸ್ ಸ್ಯಾಂಗ್ವಿನ್ ಅವರು 2004ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರು ಮಾಡಿದ್ದು, ಈಗ ಎಡಿನ್‌ಬರಾ ವಿಶ್ವವಿದ್ಯಾಲಯ ಅದರ ಮುಖ್ಯ ನೆಲೆ. ಕಾಲೇಜುಗಳು ಕೋರ್ಸ್ ನಡೆಸಲು ಬಳಸುವ ಮೂಡಲ್ ತಂತ್ರಾಂಶದ ಒಳಗೇ ಸೇರಿಕೊಳ್ಳುತ್ತದೆ. ಹಿಂದೆ ಮ್ಯಾಕ್ಸಿಮಾ ಅನ್ನುವ ಬೀಜಗಣಿತದ ತಂತ್ರಾಂಶ ಕೆಲಸ ಮಾಡುತ್ತಿರುತ್ತದೆ, ಹಾಗಾಗಿ ವಿದ್ಯಾರ್ಥಿ ಉತ್ತರವನ್ನು ಬಿಡಿಸಿ ಬರೆದರೂ, ಗುಂಪು ಮಾಡಿ ಬರೆದರೂ ಎರಡೂ ಒಂದೇ ಅಂತ ಅದಕ್ಕೆ ಗೊತ್ತಾಗುತ್ತದೆ. ಅಪವರ್ತನ ಮಾಡಿದ ರೂಪದಲ್ಲೇ ಬೇಕು ಅಂದರೆ ಅದನ್ನೂ ಕೇಳಬಹುದು.

ಒಂದು ಪ್ರಶ್ನೆ ನೋಡಿ, ನನಗೆ ತುಂಬಾ ಇಷ್ಟವಾದದ್ದು. ಸೊನ್ನೆ ಮ್ಯಾಟ್ರಿಕ್ಸ್ ಅಲ್ಲದ, ಆದರೆ ತನ್ನಿಂದ ತಾನೇ ಗುಣಿಸಿದರೆ ಸೊನ್ನೆ ಬರುವ ಎರಡು-ಎರಡರ ಒಂದು ಮ್ಯಾಟ್ರಿಕ್ಸ್ ಬರೆಯಿರಿ. ಇದಕ್ಕೆ ಸರಿಯುತ್ತರಗಳಿಗೆ ಕೊನೆಯೇ ಇಲ್ಲ. ಪುಸ್ತಕ ನೋಡಿದವರು ಮೊದಲ ಸಾಲು 0, 1, ಎರಡನೇ ಸಾಲು 0, 0 ಅಂತ ಬರೆಯುತ್ತಾರೆ. ಸ್ವಲ್ಪ ಒದ್ದಾಡಿದವರು ಎರಡೂ ಸಾಲಿಗೆ 1, −1 ಬರೆಯುತ್ತಾರೆ. ಯಾರೋ ಒಬ್ಬರು 2, −1 ಮತ್ತು 4, −2 ತರುತ್ತಾರೆ. ಸ್ಟ್ಯಾಕ್ ಮಾಡುವುದು ಏನು? ಬರೆದ ಮ್ಯಾಟ್ರಿಕ್ಸನ್ನು ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ ನೋಡುತ್ತದೆ. ಸೊನ್ನೆ ಬಂದರೆ ಪೂರ್ತಿ ಅಂಕ. ಬರದಿದ್ದರೆ, ನೀವು ಕೊಟ್ಟದ್ದನ್ನು ಗುಣಿಸಿದಾಗ ಇದು ಬಂತು ಅಂತ ಆ ಗುಣಲಬ್ಧವನ್ನೇ ಎದುರಿಗಿಡುವ ಹಾಗೆ ನಾವು ಬರೆದಿಡಬಹುದು. ಅದನ್ನು ನೋಡಿ ವಿದ್ಯಾರ್ಥಿ ಮತ್ತೆ ಪೆನ್ನು ಹಿಡಿಯುತ್ತಾನೆ. ಹೀಗೆ ಉದಾಹರಣೆ ಕಟ್ಟುವ ಲೆಕ್ಕಗಳನ್ನು ದೊಡ್ಡ ತರಗತಿಗೆ ಕೊಟ್ಟು ಕೈಯಲ್ಲೇ ತಿದ್ದುವುದು ಒಬ್ಬರಿಂದ ಆಗುವ ಕೆಲಸ ಅಲ್ಲ, ಅಲ್ವಾ? ಅದಕ್ಕೇ ಇಂಥವು ಮನೆಗೆಲಸದ ಪಟ್ಟಿಯಲ್ಲಿ ಬರುತ್ತಲೇ ಇರಲಿಲ್ಲ. ಈಗ ಬರುತ್ತವೆ.

ತಪ್ಪಿಗೆ ತಕ್ಕ ಮಾತು ಹೇಳಿಸುವುದು ಇನ್ನೊಂದು ಬಲ. 3ಎಕ್ಸ್ + 1 ಇದರ 5ನೇ ಪವರ್ ಕೊಟ್ಟು ಡಿಫರೆನ್ಷಿಯೇಟ್ ಮಾಡಿ ಅಂದರೆ, 15 ಬರಬೇಕಾದ ಜಾಗದಲ್ಲಿ 5 ಬರೆದು ಬರುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಒಳಗಿನ 3ಎಕ್ಸ್ + 1 ಇದನ್ನು ಡಿಫರೆನ್ಷಿಯೇಟ್ ಮಾಡುವುದು ಬಿಟ್ಟುಹೋಗಿದೆ. ಆ ಉತ್ತರ ಬಂದರೆ ಈ ಮಾತು ಹೇಳು ಅಂತ ಒಂದು ಕವಲು ಹಾಕಿಡಬಹುದು, ಸ್ಟ್ಯಾಕ್‌ನಲ್ಲಿ ಹೀಗೆ ಕವಲೊಡೆಯುವ ಮರವನ್ನೇ ಕಟ್ಟುತ್ತೇವೆ. ರಾತ್ರಿ ಹನ್ನೊಂದಕ್ಕೆ ಕೂತು ಲೆಕ್ಕ ಮಾಡುವ ವಿದ್ಯಾರ್ಥಿಗೆ ಆ ಕ್ಷಣದಲ್ಲೇ ಚೈನ್ ರೂಲ್ ನೆನಪಿಸುವುದು, ವಾರದ ನಂತರ ಕೆಂಪು ಗೆರೆ ಎಳೆದು ಕಾಗದ ವಾಪಸ್ ಕೊಡುವುದಕ್ಕಿಂತ ಎಷ್ಟೋ ಮೇಲು.

ಟೈಪ್ ಮಾಡುವ ಗೋಳಿಗೂ ಅದರಲ್ಲಿ ಒಂದು ಉಪಾಯ ಇದೆ. ಇ ಪವರ್ 2ಎಕ್ಸ್ ಬರೆಯಲು ಹೋಗಿ ಬ್ರಾಕೆಟ್ ಬಿಟ್ಟರೆ ಯಂತ್ರ ಅದನ್ನು ಇ ಸ್ಕ್ವೇರ್ ಗುಣಿಸು ಎಕ್ಸ್ ಅಂತ ಓದುತ್ತದೆ. ಗಣಿತ ಗೊತ್ತಿದ್ದೂ ಅಂಕ ಹೋದರೆ ಯಾರಿಗೂ ಸಿಟ್ಟು ಬರುತ್ತದೆ. ಸ್ಟ್ಯಾಕ್ ಅಂಕ ಹಾಕುವ ಮೊದಲು, ನಿಮ್ಮ ಉತ್ತರವನ್ನು ಹೀಗೆ ಓದಿಕೊಂಡಿದ್ದೇನೆ ಅಂತ ಅಚ್ಚುಕಟ್ಟಾಗಿ ತೋರಿಸುತ್ತದೆ. ನೋಡಿ, ಸರಿಮಾಡಿ, ಆಮೇಲೆ ಕಳಿಸಬಹುದು. ಮೊದಲ ವಾರ ಅಂಕವಿಲ್ಲದ ಒಂದು ಟೈಪಿಂಗ್ ಅಭ್ಯಾಸ ಇಟ್ಟರೆ ಆಮೇಲೆ ದೂರುಗಳು ಬಹಳ ಕಡಿಮೆಯಾಗುತ್ತವೆ.

ಹಾಗಂತ ಸ್ಟ್ಯಾಕ್ ಸುಲಭ ಅಂತ ಮಾತ್ರ ಹೇಳಲಾರೆ. ಒಳ್ಳೆಯ ಒಂದು ಪ್ರಶ್ನೆ ಬರೆಯಲು ಸಮಯ ಹಿಡಿಯುತ್ತದೆ, ಅದೂ ಶುರುವಿನಲ್ಲಿ ತುಂಬಾ ಹಿಡಿಯುತ್ತದೆ. ಮ್ಯಾಕ್ಸಿಮಾ ಭಾಷೆ ಸ್ವಲ್ಪ ಕಲಿಯಬೇಕು. ವಿದ್ಯಾರ್ಥಿಗಳು ಯಾವ ಯಾವ ರೀತಿ ತಪ್ಪುತ್ತಾರೆ ಅಂತ ಮೊದಲೇ ತಿಳಿದಿರಬೇಕು, ಅದು ಪಾಠ ಮಾಡಿದ ಅನುಭವದಿಂದ ಮಾತ್ರ ಬರುತ್ತದೆ. ಸಂಖ್ಯೆಗಳನ್ನು ಯಂತ್ರವೇ ಬದಲಿಸಿ ಕೊಡುವಾಗ ಇನ್ನಷ್ಟು ಹುಷಾರು. ಎಕ್ಸ್ ಸ್ಕ್ವೇರ್‌ನ ಡೆರಿವೇಟಿವ್ ಒಂದು ಬಿಂದುವಿನಲ್ಲಿ ಎಷ್ಟು ಅಂತ ಕೇಳಿ, ಬಿಂದುವನ್ನು ಯಂತ್ರಕ್ಕೆ ಬಿಟ್ಟರೆ ಯಾರೋ ಒಬ್ಬರಿಗೆ 2 ಬರುತ್ತದೆ. 2ರ ಸ್ಕ್ವೇರ್ 4, ಡೆರಿವೇಟಿವ್ ಕೂಡ 4. ಡಿಫರೆನ್ಷಿಯೇಟ್ ಮಾಡದೆ ಬರೀ ಸಂಖ್ಯೆ ಹಾಕಿದವರಿಗೂ ಪೂರ್ತಿ ಅಂಕ! ಇನ್ವರ್ಸ್ ಕೇಳಿದ ಪ್ರಶ್ನೆಯಲ್ಲಿ ಡಿಟರ್ಮಿನೆಂಟ್ ಸೊನ್ನೆಯಾಗುವುದೂ ಇದೇ ದಾರಿಯಲ್ಲಿ. ಸ್ಟ್ಯಾಕ್‌ನಲ್ಲಿ ಪ್ರತಿ ಪ್ರಶ್ನೆಗೂ ಪರೀಕ್ಷಾ ಉತ್ತರಗಳನ್ನು ಸೇರಿಸಿ ಓಡಿಸಿ ನೋಡುವ ಅನುಕೂಲ ಇದೆ, ಯಾವ ಯಾವ ಸಂಖ್ಯೆಗಳ ಪ್ರಶ್ನೆಗಳು ಹೊರಗೆ ಹೋಗಬೇಕು ಅಂತ ಮೊದಲೇ ಆರಿಸಿ ಗಟ್ಟಿ ಮಾಡಬಹುದು. ಆ ಕೆಲಸ ತಪ್ಪಿಸಬೇಡಿ.

ಮತ್ತೆ, ಪ್ರೂಫ್ ತಿದ್ದುವುದು ಇವುಗಳಿಂದ ಆಗುವುದಿಲ್ಲ. ಲಿಮಿಟ್, ಕಂಟಿನ್ಯುಯಿಟಿ ಸಾಧಿಸುವ ಎಪ್ಸಿಲಾನ್-ಡೆಲ್ಟಾ ವಾದವನ್ನು ಒಬ್ಬರು ಕಾಗದದ ಮೇಲೆ ಬರೆದಿದ್ದರೆ ಅದನ್ನು ಓದಿ, ಈ ಡೆಲ್ಟಾ ಎಕ್ಸ್ ಮೇಲೆ ನಿಂತಿದೆಯಲ್ಲ, ಹಾಗೆ ನಿಲ್ಲಬಹುದಾ ಅಂತ ಕೇಳಬೇಕಾದ್ದು ಮನುಷ್ಯರೇ. ಲೆಕ್ಕದ ತಿದ್ದುವಿಕೆಯನ್ನು ಯಂತ್ರಕ್ಕೆ ಬಿಟ್ಟರೆ ಉಳಿಯುವ ಸಮಯವನ್ನು ನಾನು ಇದಕ್ಕೇ ಕೊಡುತ್ತೇನೆ.

ಪ್ರೂಫ್ ವಿಷಯಕ್ಕೆ ಬಂದದ್ದರಿಂದ ನ್ಯಾಚುರಲ್ ನಂಬರ್ ಗೇಮ್ ಬಗ್ಗೆ ಹೇಳಲೇಬೇಕು. ಇಂಪೀರಿಯಲ್ ಕಾಲೇಜ್ ಲಂಡನ್‌ನ ಕೆವಿನ್ ಬಜ಼ರ್ಡ್ ಮತ್ತು ಮೊಹಮ್ಮದ್ ಪೆದ್ರಮ್‌ಫರ್ ಮಾಡಿದ್ದು. ಲೀನ್ ಅನ್ನುವ ಪ್ರೂಫ್ ಪರಿಶೀಲಿಸುವ ಭಾಷೆಯ ಮೇಲೆ ಕಟ್ಟಿದ ಆಟ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್‌ನಲ್ಲೇ ಓಡುತ್ತದೆ. ಸಂಕಲನದ ವಿಭಾಗದಲ್ಲಿ ಮೊದಲಿಗೆ ಬರುವುದು ಇದು: 0 + ಎನ್ = ಎನ್ ಅಂತ ಸಾಧಿಸಿ. ಇದರಲ್ಲಿ ಸಾಧಿಸುವುದೇನಿದೆ ಅಂತ ಎಲ್ಲರೂ ಮೊದಲು ನಗುತ್ತಾರೆ. ಆದರೆ ಅಲ್ಲಿ ನಮ್ಮ ಕೈಯಲ್ಲಿರುವುದು ಎನ್ + 0 = ಎನ್ ಅನ್ನುವುದು, ಮತ್ತೆ ಬಲಗಡೆಯ ಸಂಖ್ಯೆಯ ಮುಂದಿನದನ್ನು ಕೂಡಿದರೆ ಮೊತ್ತದ ಮುಂದಿನದು ಬರುತ್ತದೆ ಅನ್ನುವುದು ಮಾತ್ರ. ಎಡಬಲ ಅದಲುಬದಲು ಮಾಡಬಹುದು ಅಂತ ಇನ್ನೂ ಯಾರೂ ಸಾಧಿಸಿಲ್ಲ, ಬಳಸಲು ಆಟ ಬಿಡುವುದಿಲ್ಲ. ಇಂಡಕ್ಷನ್ ಹಾಕಲೇಬೇಕು, ಅಂದರೆ ಮೊದಲು 0ಗೆ ಸಾಧಿಸಿ, ಆಮೇಲೆ ಒಂದು ಸಂಖ್ಯೆಯಿಂದ ಅದರ ಮುಂದಿನದಕ್ಕೆ ಹೋಗಬೇಕು. ಗೊತ್ತಿರುವುದಕ್ಕೂ ಸಾಧಿಸಿದ್ದಕ್ಕೂ ಇರುವ ವ್ಯತ್ಯಾಸ ಅವತ್ತು ಮನಸ್ಸಿಗೆ ನಾಟುತ್ತದೆ. ಇಂಡಕ್ಷನ್ ಅಂದರೆ ಕೊನೆಗೆ ಒಂದು ಸಾಲು ಬರೆದು ಮುಗಿಸುವ ಶಾಸ್ತ್ರ ಅಂತ ತಿಳಿದಿದ್ದವರು, ಎಲ್ಲಿ ಯಾವುದನ್ನು ಬಳಸುತ್ತಿದ್ದೇವೆ ಅಂತ ಸಾಲು ಸಾಲಿಗೂ ಯೋಚಿಸುತ್ತಾರೆ.

ಕೊರತೆ ಇಲ್ಲದಿಲ್ಲ. ಒಂದಿಷ್ಟು ಜನ ಕಮಾಂಡುಗಳನ್ನು ಒಂದಾದ ಮೇಲೊಂದು ಹಾಕಿ, ಯಾವುದೋ ಒಂದು ಹತ್ತಿ, ಹಂತ ದಾಟಿಬಿಡುತ್ತಾರೆ. ಅದಕ್ಕೆ ನಾನು ಪ್ರತಿ ಹಂತದ ಪ್ರೂಫನ್ನೂ ಪೂರ್ತಿ ವಾಕ್ಯಗಳಲ್ಲಿ ಕಾಗದದ ಮೇಲೆ ಬರೆಸುತ್ತೇನೆ. ಅಲ್ಲಿ ಸಿಕ್ಕಿಬೀಳುತ್ತಾರೆ, ಮತ್ತೆ ಆಟಕ್ಕೆ ಹೋಗಿ ನೋಡಿಕೊಂಡು ಬರುತ್ತಾರೆ. ಹಾಗೆ ಓಡಾಡುವುದರಲ್ಲೇ ಕಲಿಯುತ್ತಾರೆ.

ಪಠ್ಯಕ್ಕೆ ಬಂದರೆ, ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಕ್ಯಾಲ್ಕುಲಸ್ ಮೂರು ಸಂಪುಟಗಳಲ್ಲಿದೆ, ಪಿಡಿಎಫ್ ಪುಕ್ಕಟೆ ಇಳಿಸಿಕೊಳ್ಳಬಹುದು. ಅಭ್ಯಾಸದ ಲೆಕ್ಕಗಳು ಧಾರಾಳ. ವಿವರಣೆ ಕೆಲವು ಕಡೆ ಉದ್ದ ಅನ್ನಿಸುತ್ತದೆ. ಲಾಮಾರ್ ವಿಶ್ವವಿದ್ಯಾಲಯದ ಪಾಲ್ ಡಾಕಿನ್ಸ್ ಅವರ ಆನ್‌ಲೈನ್ ನೋಟ್ಸ್ ನನಗೆ ಇದಕ್ಕಿಂತ ಹತ್ತಿರ. ಥಳಕು ಬಳುಕು ಏನೂ ಇಲ್ಲ, ನೇರ ಮಾತು, ಉತ್ತರ ಮುಚ್ಚಿಟ್ಟಿರುತ್ತಾರೆ, ನೀವು ಮಾಡಿದ ಮೇಲೆ ಒತ್ತಿ ತೆರೆಯಬಹುದು. ಡಿಫರೆನ್ಷಿಯಲ್ ಇಕ್ವೇಶನ್ಸ್ ಭಾಗವಂತೂ ಪರೀಕ್ಷೆಯ ಹಿಂದಿನ ವಾರ ವಿದ್ಯಾರ್ಥಿಗಳಿಗೆ ದೇವರು ಕೊಟ್ಟ ಹಾಗೆ.

ಉತ್ತರವನ್ನೇ ತಂದು ಕೊಡುವ ಸಲಕರಣೆಗಳ ಮಾತು ಬೇರೆ. ವುಲ್ಫ್ರಮ್ ಆಲ್ಫಾ 2009ರಲ್ಲಿ ಬಂತು, ಇಂಟಿಗ್ರಲ್ ಕೊಟ್ಟರೆ ತಕ್ಷಣ ಉತ್ತರ. ಅದನ್ನು ತರಗತಿಯಿಂದ ಹೊರಗಿಡುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. 1 ಭಾಗಿಸು ಎಕ್ಸ್ ಇದರ ಇಂಟಿಗ್ರಲ್ ಕೇಳಿ ನೋಡಿ. ಲಾಗ್ ಎಕ್ಸ್ ಅನ್ನುತ್ತದೆ. ಪುಸ್ತಕದಲ್ಲಿರುವ ಮಾಡ್ಯುಲಸ್ ಗೆರೆಗಳು ಎಲ್ಲಿ ಹೋದವು? ಅದು ಕಾಂಪ್ಲೆಕ್ಸ್ ಲಾಗರಿದಮ್ ಅಂತ ಹಿಡಿದು ಉತ್ತರ ಕೊಡುತ್ತದೆ, ಲಾಗ್ ಅಂದರೆ ಅಲ್ಲಿ 10ರ ಲಾಗ್ ಅಲ್ಲ, ನ್ಯಾಚುರಲ್ ಲಾಗ್. ಇದರ ಬಗ್ಗೆ ತರಗತಿಯಲ್ಲಿ ಅರ್ಧ ಗಂಟೆ ಚರ್ಚೆ ನಡೆಸಬಹುದು. ಸೇಜ್‌ಮ್ಯಾತ್ ನನಗೆ ಇದಕ್ಕಿಂತ ಇಷ್ಟ, ವಿಲಿಯಂ ಸ್ಟೈನ್ 2005ರಲ್ಲಿ ಬಿಡುಗಡೆ ಮಾಡಿದ ಮುಕ್ತ ತಂತ್ರಾಂಶ. ಅದರ ಸೆಲ್ ಪುಟದಲ್ಲಿ ಲಾಗಿನ್ ಕೂಡ ಬೇಡ, ನಾಲ್ಕು ಸಾಲು ಬರೆದು ಓಡಿಸಬಹುದು. ಹತ್ತು-ಹತ್ತರ ಮ್ಯಾಟ್ರಿಕ್ಸ್‌ನ ರ‍್ಯಾಂಕ್ ಕೈಯಲ್ಲಿ ಬಿಡಿಸುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ, ಅದನ್ನು ಸೇಜ್‌ಗೆ ಬಿಟ್ಟು, ರ‍್ಯಾಂಕ್ 7 ಬಂತು, ಹಾಗಾದರೆ ನಲ್ ಸ್ಪೇಸ್ ಬಗ್ಗೆ ಏನು ಹೇಳುತ್ತೀರಿ ಅಂತ ಕೇಳಿದರೆ ಯೋಚನೆ ಶುರುವಾಗುತ್ತದೆ.

ಎಐ ಚಾಟ್‌ಬಾಟ್‌ಗಳು ಬಂದ ಮೇಲೆ ಮನೆಯಲ್ಲಿ ಮಾಡಿದ ಲೆಕ್ಕದ ಅಂಕವನ್ನು ಕೊನೆಯ ಅಂಕಕ್ಕೆ ಜಾಸ್ತಿ ಸೇರಿಸುವುದು ಸರಿಯಲ್ಲ. ಸ್ಟ್ಯಾಕ್ ಪ್ರಶ್ನೆಗೂ ಇದು ಅನ್ವಯಿಸುತ್ತದೆ. ನಾನು ಆ ಅಂಕವನ್ನು ತೀರಾ ಸಣ್ಣದಾಗಿ ಇಡುತ್ತೇನೆ, ಎಷ್ಟು ಸಲ ಬೇಕಾದರೂ ಪ್ರಯತ್ನ ಮಾಡಲು ಬಿಡುತ್ತೇನೆ, ಅದೇ ಬಗೆಯ ಪ್ರಶ್ನೆಯನ್ನು ಕೂತು ಬರೆಯುವ ಪರೀಕ್ಷೆಯಲ್ಲಿ ಕೇಳುತ್ತೇನೆ. ಕದಿಯುವ ಆಸೆಯೇ ಕಡಿಮೆಯಾಗುತ್ತದೆ. ಚಾಟ್‌ಬಾಟ್ ಬರೆದ ಪ್ರೂಫನ್ನು ಕೊಟ್ಟು, ಪ್ರತಿ ಸಾಲಿಗೂ ಕಾರಣ ಬರೆಯಿರಿ, ಕಾರಣ ಸಿಗದ ಸಾಲನ್ನು ಗುರುತು ಮಾಡಿ ಅನ್ನುವುದು ಒಳ್ಳೆಯ ಅಭ್ಯಾಸ.

ಇನ್ನು ಕೆಲವು ಸಣ್ಣ ಮಾತುಗಳು, ಆದರೆ ಬಿಡುವ ಹಾಗಿಲ್ಲ. ನೋಟ್ಸನ್ನು ಸ್ಕ್ಯಾನ್ ಮಾಡಿ ಚಿತ್ರದ ರೂಪದಲ್ಲಿ ಹಾಕಬೇಡಿ. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಒಂದಕ್ಷರವೂ ಸಿಗುವುದಿಲ್ಲ. ಮ್ಯಾತ್‌ಜ್ಯಾಕ್ಸ್ ಅನ್ನುವ, ಸೂತ್ರ ತೋರಿಸುವ ತಂತ್ರಾಂಶ ಬಳಸಿದ ವೆಬ್ ಪುಟದಲ್ಲಿ ಸೂತ್ರವನ್ನೂ ಓದಿಸಬಹುದು, ಮೊಬೈಲಿನಲ್ಲಿ ದೊಡ್ಡದು ಮಾಡಿಯೂ ನೋಡಬಹುದು. ನೆಟ್ ಸರಿಯಾಗಿ ಸಿಗದವರಿಗೆ ಇಳಿಸಿಕೊಳ್ಳುವ ದಾರಿ ಇರಲೇಬೇಕು. ಓಪನ್‌ಕೋರ್ಸ್‌ವೇರ್, ಓಪನ್‌ಸ್ಟ್ಯಾಕ್ಸ್, ಜಿಯೋಜಿಬ್ರಾ ಮೂರರಲ್ಲೂ ಅದು ಇದೆ. ಬೇರೆಯವರ ಸಾಮಗ್ರಿಯನ್ನು ಬದಲಿಸಿ ಹಂಚುವ ಮೊದಲು ಲೈಸೆನ್ಸ್ ಓದಿ. ಓಪನ್‌ಕೋರ್ಸ್‌ವೇರ್‌ನದ್ದು ಹೆಸರು ಹೇಳಿ, ವ್ಯಾಪಾರ ಮಾಡದೆ, ಅದೇ ಷರತ್ತಿನಲ್ಲಿ ಹಂಚಿ ಅನ್ನುವ ಲೈಸೆನ್ಸ್, ತರಗತಿಗೆ ಅಷ್ಟು ಸಾಕು.

ಎಲ್ಲವನ್ನೂ ಒಟ್ಟಿಗೆ ತರಲು ಹೋಗಬೇಡಿ. ಒಂದೇ ಕೋರ್ಸಿಗೆ ಐದಾರು ಕಡೆ ಲಾಗಿನ್ ಮಾಡಿಸಿದರೆ ವಿದ್ಯಾರ್ಥಿಗಳಿಗೆ ಗಣಿತಕ್ಕಿಂತ ಪಾಸ್‌ವರ್ಡೇ ದೊಡ್ಡ ತಲೆನೋವಾಗುತ್ತದೆ. ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟೇ: ಓದಲು ಒಂದು ಪಠ್ಯ, ಚಿತ್ರಕ್ಕೆ ಡೆಸ್ಮಾಸ್ ಅಥವಾ ಜಿಯೋಜಿಬ್ರಾ, ಮನೆಗೆಲಸಕ್ಕೆ ಸ್ಟ್ಯಾಕ್. ನಿಮ್ಮಲ್ಲಿ ಮೂಡಲ್ ಇದ್ದರೆ ಅದನ್ನು ನೋಡಿಕೊಳ್ಳುವವರನ್ನು ಸ್ಟ್ಯಾಕ್ ಸೇರಿಸಿಕೊಡಿ ಅಂತ ಕೇಳಿ. ಮೊದಲ ವರ್ಷ ವಾರಕ್ಕೊಂದು ಪ್ರಶ್ನೆ ಬರೆದರೂ ಸಾಕು, ಮೇಲೆ ಹೇಳಿದ ಸೊನ್ನೆ ಬರುವ ಮ್ಯಾಟ್ರಿಕ್ಸ್ ಥರದ್ದು. ಬಂದ ಸರಿಯುತ್ತರಗಳ ಪಟ್ಟಿಯನ್ನು ತೆಗೆದು, ಹೆಸರು ಮರೆಮಾಡಿ, ಮುಂದಿನ ತರಗತಿಯಲ್ಲಿ ಬೋರ್ಡ್ ಮೇಲೆ ಹಾಕಿ, ಇವುಗಳಲ್ಲೆಲ್ಲ ಟ್ರೇಸ್, ಅಂದರೆ ಎಡ ಮೇಲಿನ ಮೂಲೆಯಿಂದ ಬಲ ಕೆಳಗಿನ ಮೂಲೆಗೆ ಹೋಗುವ ಕರ್ಣದ ಸಂಖ್ಯೆಗಳ ಮೊತ್ತ, ಸೊನ್ನೆ ಯಾಕೆ ಬಂತು ಅಂತ ಕೇಳಿ.